ಕಟ್ಟೆಯ ಮೇಲಿನ ವಿಮಾನದ ನೈಜತಾ ಸುಧಾರಣೆ

ಹಕ್ಕಿಗೆ ರೆಕ್ಕೆ ಕೊಡುವಾಗ ಯಾವ ಸಮಿತಿಯನ್ನೂ ಕೇಳದ, ಗಾಳಿಯನ್ನು ಹರಡುವಾಗ ಯಾರ ಸಹಿಗೂ ಕಾಯದ, ಇದ್ದದ್ದನ್ನು ಇದ್ದ ಹಾಗೆಯೇ ಕಾಣುವ ಆ ಪರಮಾತ್ಮನ ಪಾದಕ್ಕೆ ಮೊದಲು ತಲೆಬಾಗೋಣ. ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎನ್ನುತ್ತಾರೆ. ಕಚೇರಿಗಳಲ್ಲಿ ಅವನ ಅಪ್ಪಣೆಯಿದ್ದರೂ ಬಹಳಷ್ಟು ಅಲುಗದೆ ಉಳಿಯುತ್ತವೆ; ಅದೂ ಅವನ ಲೀಲೆಯೇ ಇರಬೇಕು. ಅವನು ನಡೆಸಿದಂತೆ ನಡೆದ ಈ ಕಥೆಯನ್ನು ಕೂಡಿಸದೆ ಕಳೆಯದೆ ಹೇಳುವ ಶಕ್ತಿಯನ್ನು ಅವನೇ ಕೊಡಲಿ.

ವೈಮಾನಿಕ ಪರಂಪರಾ ಕೇಂದ್ರದ ಅಂಗಳದಲ್ಲಿ ಒಂದು ಹಳೆಯ ಯುದ್ಧವಿಮಾನವು ಸಿಮೆಂಟಿನ ಕಟ್ಟೆಯ ಮೇಲೆ ನಿಂತಿತ್ತು. ಒಳಗಿನ ಸಭಾಂಗಣದಲ್ಲಿ ಅದೇ ವಿಮಾನದ ಸಿಮ್ಯುಲೇಟರು ನಿಂತಿತ್ತು. ಇವೆರಡರಲ್ಲಿ ಒಂದು ಹಾರುತ್ತಿರಲಿಲ್ಲ, ಇನ್ನೊಂದು ಹಾರುತ್ತಿತ್ತು. ಈ ವ್ಯತ್ಯಾಸವನ್ನು ಸರಕಾರವು ಬಹಳ ಕಾಲ ಗಮನಿಸಿರಲಿಲ್ಲ.

ಸಿಮ್ಯುಲೇಟರು ಎಂದರೆ ನೆಲ ಬಿಡದೆಯೇ ಹಾರಿದ ಅನುಭವ ಕೊಡುವ ಯಂತ್ರ. ಒಂದು ಆಸನ, ಮೊಣಕಾಲುಗಳ ನಡುವೆ ಒಂದು ಹಿಡಿಕೋಲು, ಕಾಲಡಿಯಲ್ಲಿ ಪೆಡಲು, ಎಡಗೈಗೆ ಎಂಜಿನ್ನಿನ ವೇಗ ಏರಿಸಿ ಇಳಿಸುವ ಹಿಡಿಕೆ, ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ವಿಮಾನ ವಾಲಿದರೆ ಆಸನವೂ ವಾಲುತ್ತಿತ್ತು. ಹೊರಗೆ ಸಾಲಿನಲ್ಲಿ ಕಾಯುವವರಿಗೆ ಬೇಸರವಾಗಬಾರದೆಂದು ಮೊಗಸಾಲೆಯಲ್ಲೂ ಒಂದು ಪರದೆ ಹಾಕಿದ್ದರು. ಒಳಗೆ ಕೂತವನಿಗೆ ಕಾಣುವುದೆಲ್ಲ ಅಲ್ಲಿಯೂ ಕಾಣುತ್ತಿತ್ತು.

ಈ ಯಂತ್ರದೊಳಗಿನ ವಿಮಾನ ಹೇಗೆ ಏರಬೇಕು, ಹೇಗೆ ಇಳಿಯಬೇಕು, ಯಾವ ವೇಗದಲ್ಲಿ ಯಾವ ರೆಕ್ಕೆ ಏನು ಮಾಡಬೇಕು ಎಂಬ ಲೆಕ್ಕವನ್ನೆಲ್ಲ ಬರೆಯುವ ಹೆಂಗಸಿಗೆ ಕೇಂದ್ರದಲ್ಲಿ ರೆಕ್ಕೆ ಮೇಡಂ ಎಂದು ಹೆಸರು ಬಿದ್ದಿತ್ತು. ಅವರಿಗೂ ಈ ಹೆಸರು ಒಗ್ಗಿಹೋಗಿತ್ತು. ಒಗ್ಗದೆ ಇದ್ದದ್ದು ಮೊಗಸಾಲೆಯ ಗೋಡೆಯ ಮೇಲಿನ ಒಂದು ಹಿತ್ತಾಳೆಯ ತಗಡು. ಅದರ ಮೇಲೆ ಒಬ್ಬ ಯುವಕ ವಿಮಾನ ಚಾಲಕನ ಮುಖವಿತ್ತು. ಮುಖದ ಕೆಳಗೆ "ತಿರುವಿನಲ್ಲಿ ಚಾಲಕನ ಅಜಾಗರೂಕತೆಯಿಂದ ಅಪಘಾತ" ಎಂದು ಕೆತ್ತಿತ್ತು. ಆ ಯುವಕ ರೆಕ್ಕೆ ಮೇಡಂ ಅವರ ತಂದೆ. ಮಗಳು ಹುಟ್ಟುವ ಮೊದಲೇ ಹೋದವರು. ಈಗ ಮಗಳ ತಲೆಯಲ್ಲಿ ನರೆ ಬಂದಿದ್ದರೂ ತಂದೆಗೆ ತಗಡಿನ ಮೇಲೆ ಮೀಸೆ ಸರಿಯಾಗಿ ಮೂಡಿರಲಿಲ್ಲ.

ಅಪಘಾತದ ಬಗೆ ಹೀಗಿತ್ತು. ಅಂಗಳದಲ್ಲಿದ್ದ ಜಾತಿಯದೇ ಒಂದು ವಿಮಾನ ಇಳಿಯಲೆಂದು ವೇಗ ತಗ್ಗಿಸಿ ಎಡಕ್ಕೆ ತಿರುಗುತ್ತಿತ್ತು. ಅದೇ ಹೊತ್ತಿಗೆ ಒಬ್ಬ ಗಣ್ಯರ ಕಾರು, ಅದು ಇಳಿಯಬೇಕಿದ್ದ ಓಡುದಾರಿಯನ್ನು ಅಡ್ಡ ಹಾಯಬೇಕಾಯಿತು. ಸುತ್ತಿಕೊಂಡು ಹೋಗುವ ರಸ್ತೆಯಲ್ಲಿ ಧೂಳಿತ್ತು. ಕೆಳಗಿನಿಂದ "ಇಳಿಯಬೇಡ, ಮೇಲಕ್ಕೆ ಹೋಗು" ಎಂದು ಆಜ್ಞೆಯಾಯಿತು. ಚಾಲಕರು ಎಂಜಿನ್ನಿನ ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ಎಡ ರೆಕ್ಕೆ ಕುಸಿಯಿತು. ಕಾರಿಗೆ ದೇವರ ದಯೆಯಿಂದ ಏನೂ ಆಗಲಿಲ್ಲ.

"ಅದು ಎಡಚಿ ಕಣಮ್ಮ," ಎನ್ನುತ್ತಿದ್ದರು ಮಾಮ. ಮಾಮ ಎಂದರೆ ತಂದೆಯ ಜೊತೆಗೆ ಅದೇ ಜಾತಿಯ ವಿಮಾನ ಹಾರಿಸುತ್ತಿದ್ದ ಗೆಳೆಯ. ಸಂಬಂಧದಲ್ಲಿ ಏನೂ ಅಲ್ಲ, ಉಪಕಾರದಲ್ಲಿ ಎಲ್ಲವೂ. "ವೇಗ ಕಮ್ಮಿ ಇದ್ದಾಗ ಒಂದೇ ಸಲ ಎಂಜಿನ್ ಜೋರು ಮಾಡಿದ್ರೆ, ಮೂತಿ ಮೇಲಿನ ಆ ಪಂಖ ತಿರುಚೋ ರಭಸಕ್ಕೆ ಎಡ ರೆಕ್ಕೆ ಮಗುಚೇ ಮಗುಚುತ್ತೆ. ಎಲ್ರಿಗೂ ಗೊತ್ತಿತ್ತು. ಬರೆಯೋ ಕೈಗೆ ಮಾತ್ರ ಗೊತ್ತಿರಲಿಲ್ಲ."

ಮೇಡಂ ಅವರ ತಾಯಿ ಕೇಂದ್ರದ ಬಾಗಿಲು ತುಳಿದವರಲ್ಲ. ಮಗಳು ಎಷ್ಟು ಕರೆದರೂ ಒಂದೇ ಮಾತು: "ಸುಳ್ಳನ್ನ ಹಿತ್ತಾಳೇಲಿ ಕೆತ್ತಿಸಿದ್ದಾರಲ್ಲ, ಅದನ್ನ ಓದೋಕೆ ನಾನು ಬಸ್ ಹತ್ತಿ ಬರಬೇಕಾ? ಅದು ಬದಲಾದ ದಿನ ಹೇಳು, ನಡಕೊಂಡೇ ಬರ್ತೀನಿ."

ಆದ್ದರಿಂದ ರೆಕ್ಕೆ ಮೇಡಂ ಅವರ ಬದುಕಿನ ಆಸೆ ಒಂದೇ ಆಗಿತ್ತು. ಯಂತ್ರದೊಳಗಿನ ವಿಮಾನವು ನಿಜವಾದ ವಿಮಾನದಂತೆಯೇ ಆಗಬೇಕು. ಆ ತಿರುವಿನಲ್ಲಿ ಎಲ್ಲರ ಕಣ್ಣೆದುರು ಅದರ ಎಡ ರೆಕ್ಕೆ ಕುಸಿಯಬೇಕು. ಆಮೇಲೆ ತಗಡು ತಾನಾಗಿ ಬದಲಾಗುತ್ತದೆ. ಸತ್ಯಕ್ಕೆ ಸಾವಿಲ್ಲ ಎಂದು ನಂಬಿದ್ದರು. ನಂಬಿಕೆ ಒಳ್ಳೆಯದು. ಆದರೆ ಯಂತ್ರವನ್ನು ಕೊಂಡವರು ಅದರೊಳಗೆ ಸಾಧು ಹಸುವಿನಂಥ ವಿಮಾನವನ್ನು ಇರಿಸಿದ್ದರು. ತಿದ್ದಲು ಅನುಮತಿ ಇರಲಿಲ್ಲ.

ಕೃಪೆ ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದು. ಈ ಸಲ ಅದು ಮಂತ್ರಿಗಳ ಅಳಿಯನ ರೂಪದಲ್ಲಿ ಬಂತು. ಅಳಿಯಂದಿರು ಸಿಮ್ಯುಲೇಟರಿನಲ್ಲಿ ಕುಳಿತು, ಒಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತಲೇ ವಿಮಾನವನ್ನು ತಲೆಕೆಳಗು ಮಾಡಿ, ಸೇತುವೆಯ ಅಡಿಯಲ್ಲಿ ನುಗ್ಗಿಸಿ, ಹೂವಿನಂತೆ ಇಳಿಸಿದರು. ಇಳಿಸಿ, "ಇಷ್ಟೇನಾ? ನಿಜವಾದದ್ದೂ ಇಷ್ಟು ಸುಲಭವಾ?" ಎಂದರು. ಅದು ಪ್ರಶ್ನೆ. ಆದರೆ ಅಳಿಯಂದಿರ ಪ್ರಶ್ನೆಯನ್ನು ಆದೇಶವೆಂದು ಓದುವುದು ರೂಢಿ. ವಾರ ತುಂಬುವುದರೊಳಗೆ "ಹಳೆಯ ಯುದ್ಧವಿಮಾನಗಳ ಸಿಮ್ಯುಲೇಟರ್ ನೈಜತಾ ಸುಧಾರಣಾ ಸಮಿತಿ" ಹುಟ್ಟಿತು. ಆ ರಾತ್ರಿ ಮೇಡಂ ದೇವರ ಮುಂದೆ ದೀಪ ಹಚ್ಚಿ ತುಂಬಾ ಹೊತ್ತು ಕೂತಿದ್ದರಂತೆ.

ಸಮಿತಿಯ ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಿಂದ ಬಂದವರು. ಅಂಗಡಿಗಳ ತಕ್ಕಡಿ ಹಿಡಿದು, ಬಟ್ಟೆ ಅಳೆಯುವ ಕೋಲು ಹಿಡಿದು ತಲೆ ಹಣ್ಣಾದವರು. ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಟೇಪು. ಟೇಪು ತಾಗದ್ದು ಸತ್ಯವಲ್ಲ ಎಂಬುದು ಅವರ ಸಿದ್ಧಾಂತ. ಪ್ರಾಮಾಣಿಕರು, ಚಹಾ ಕೊಟ್ಟರೆ ಮೊದಲು ಲೋಟ ಎತ್ತಿ ತೂಕ ನೋಡುತ್ತಿದ್ದರು.

ಮೊದಲ ಸಭೆಯಲ್ಲಿ ಮೇಡಂ ತಮ್ಮ ಲೆಕ್ಕಗಳನ್ನು ವಿವರಿಸಿದರು. ಪಕ್ಕದಲ್ಲಿ ಸಾಕ್ಷಿಯಾಗಿ ಮಾಮ ಕೂತಿದ್ದರು. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದರು.

"ವಿಮಾನ ಎಡಕ್ಕೆ ಬೀಳುತ್ತೆ ಅಂತೀರಿ. ಯಾವ ವಿಮಾನ?"

"ಈ ಜಾತಿಯ ಎಲ್ಲಾ ವಿಮಾನಾನೂ ಸಾರ್."

"ಎಲ್ಲಾ ಅಂದ್ರೆ ಅಳೆಯೋಕಾಗಲ್ಲ ಮೇಡಂ. ಒಂದು ತೋರಿಸಿ."

"ಈಗ ಹಾರೋ ಸ್ಥಿತೀಲಿ ಒಂದೂ ಉಳಿದಿಲ್ಲ."

"ಉಳಿದಿರೋದು?"

"ಅಂಗಳದಲ್ಲಿದೆಯಲ್ಲ ಸಾರ್, ಕಟ್ಟೆ ಮೇಲೆ. ಅದೊಂದೇ."

ಮಾತು ಬಾಯಿಂದ ಜಾರಿದ ಮೇಲೆ ಮೇಡಂ ನಾಲಿಗೆ ಕಚ್ಚಿಕೊಂಡರು. ತಾವೇ ತೋಡಿದ ಬಾವಿ. ಅಧ್ಯಕ್ಷರು ಆಗಲೇ ಅದರಲ್ಲಿ ನೀರು ಸೇದುತ್ತಿದ್ದರು. "ಮೂಲ ವಿಮಾನ ಅಂಗಳದಲ್ಲಿದೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳಿ," ಎಂದರು.

"ಸಾರ್, ಇವರು ಅದನ್ನ ವರ್ಷಗಟ್ಟಲೆ ಹಾರಿಸಿದವರು," ಎಂದು ಮೇಡಂ ಮಾಮನತ್ತ ಕೈ ತೋರಿದರು. "ಇವರಿಗೆ ನೆನಪಿದೆ."

ಅಧ್ಯಕ್ಷರು ಮಾಮನನ್ನು ತೂಗುವಂತೆ ನೋಡಿದರು. "ನೆನಪು ಅಂದ್ರಿ. ಒಂದು ಕಿಲೋ ತೂಕದ ಬಟ್ಟಿಗೂ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ತಮ್ಮ ನೆನಪನ್ನ ಕೊನೇ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ?"

"ದಿನಾ ರಾತ್ರಿ ತಾನಾಗೇ ಆಗುತ್ತೆ ಸಾರ್," ಎಂದರು ಮಾಮ.

"ಮುದ್ರೆ?"

"ಮುದ್ರೆ ಇಲ್ಲ."

"ಹಾಗಾದ್ರೆ ಅದು ಬರೀ ಕಲ್ಲು," ಎಂದು ಅಧ್ಯಕ್ಷರು ಬಹಳ ಸೌಜನ್ಯದಿಂದ ಹೇಳಿದರು.

ಮರುದಿನವೇ ಮೂಲ ವಿಮಾನದ ಮಾಪನ ಆರಂಭವಾಯಿತು. ಏಣಿ ಬಂತು, ತಕ್ಕಡಿ ಬಂತು, ಗಾರೆಯವರು ಗೋಡೆಯ ಮಟ್ಟ ನೋಡುವ ರಸಮಟ್ಟ ಬಂತು. ಸಮಿತಿಯು ಬಿಸಿಲಿನಲ್ಲಿ ಕೊಡೆ ಹಿಡಿಸಿಕೊಂಡು ವಿಮಾನದ ವೇಗವನ್ನು ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಅಳೆಯಿತು. ವೇಗ ಸೊನ್ನೆ ಬಂತು. ಗಾಳಿ ಬೀಸಿದ ದಿನ ಮತ್ತೆ ಅಳೆಯಿತು. ಮರದ ಎಲೆಗಳು ಅಲುಗಿದವು, ವಿಮಾನ ಅಲುಗಲಿಲ್ಲ. ಬಿರುಗಾಳಿಯಲ್ಲೂ ಅದ್ಭುತ ಸ್ಥಿರತೆ ಎಂದು ವರದಿಯಾಯಿತು. ಎಂಜಿನ್ನಿನ ಜಾಗದಲ್ಲಿ ತೂಕ ಸರಿದೂಗಿಸಲು ಹಿಂದೆ ಯಾರೋ ಸುರಿದಿದ್ದ ಕಾಂಕ್ರೀಟು ಸಿಕ್ಕಿತು. ಪಂಖವನ್ನು ಬೋಲ್ಟು ಹಾಕಿ ಬಿಗಿದಿತ್ತು. ಹಿಂದಿನ ಪುಟ್ಟ ಚಕ್ರದ ಬದಲಿಗೆ ಇಟ್ಟಿಗೆಗಳಿದ್ದವು. ಚಾಲಕನ ಆಸನದಲ್ಲಿ ಪಾರಿವಾಳದ ಸಂಸಾರವಿತ್ತು. ಅವು ಗುಟುರು ಹಾಕುವ ಸದ್ದನ್ನು "ಮೂಲ ವಿಮಾನದ ಎಂಜಿನ್ ಧ್ವನಿ" ಎಂಬ ಶೀರ್ಷಿಕೆಯಲ್ಲಿ ಧ್ವನಿಮುದ್ರಿಸಿಕೊಳ್ಳಲಾಯಿತು.

ವರದಿ ಒಪ್ಪಿತವಾದ ದಿನ ನಿಯಮವೂ ಜಾರಿಯಾಯಿತು. ನಿಯಮದ ಸಾರ ಇಷ್ಟು: "ಸಿಮ್ಯುಲೇಟರಿನಲ್ಲಿರುವ ವಿಮಾನವು ಮೂಲ ವಿಮಾನವನ್ನು ಎಲ್ಲ ವಿಧದಲ್ಲಿಯೂ ಹೋಲತಕ್ಕದ್ದು. ಮೂಲ ವಿಮಾನಕ್ಕಿಂತ ಹೆಚ್ಚು ಹಾರತಕ್ಕದ್ದಲ್ಲ."

"ಸಾರ್, ಹಾಗಾದ್ರೆ ಅದು ಹಾರೋದೇ ಇಲ್ಲ," ಎಂದರು ಮೇಡಂ.

ಕೇಂದ್ರದ ನಿರ್ದೇಶಕರು ನಡುವೆ ಬಂದರು. ಯಾರ ಮಾತಿಗೂ ತಲೆಯಾಡಿಸಿ ಆಡಿಸಿ ಕುತ್ತಿಗೆ ಸಡಿಲವಾದ ಮೃದು ಮನುಷ್ಯ. "ಹಾರಲ್ಲ ಅಂತ ಯಾಕಮ್ಮ ಕೆಟ್ಟ ಮಾತು? ನೈಜವಾಗಿ ನಿಂತಿರುತ್ತೆ ಅನ್ನಿ."

ಕೆಲಸ ಬಿಟ್ಟು ಹೋಗಬಹುದಿತ್ತು. ಬಿಟ್ಟರೆ ತಗಡು ಹಾಗೇ ಉಳಿಯುತ್ತದೆ. ಮೇಡಂ ಹಲ್ಲು ಕಚ್ಚಿ, ತಮ್ಮ ನಿಜವಾದ ಲೆಕ್ಕಗಳನ್ನು ಯಂತ್ರದ ಒಂದು ಮೂಲೆಯಲ್ಲಿ ಜೋಪಾನವಾಗಿಟ್ಟು, ಸಮಿತಿ ಕೇಳಿದ ವಿಮಾನವನ್ನು ಕಟ್ಟಿಕೊಟ್ಟರು. ಹಿಡಿಕೋಲು ಅಲುಗದಂತಾಯಿತು. ಪರದೆಯ ಮೇಲೆ ಆಕಾಶ ಹೋಗಿ, ಕಟ್ಟೆಯಿಂದ ಕಾಣುವ ಅಂಗಳ ಬಂತು: ಕ್ಯಾಂಟೀನಿನ ಹಿಂಬಾಗಿಲು, ಸ್ಕೂಟರುಗಳ ಸಾಲು, ಒಣಗಲು ಹಾಕಿದ ನೆಲ ಒರೆಸುವ ಬಟ್ಟೆ. ಹೊರಗೆ ಮಳೆ ಬಂದಾಗ ಒಳಗೆ ಕೂತವರ ಮೇಲೆ ನೀರು ಚಿಮುಕಿಸಲು ಮಾಲಿಗೆ ಹೆಚ್ಚುವರಿ ಪ್ರಭಾರ ವಹಿಸಲಾಯಿತು.

ಜನ ದಂಗೆಯೇಳುತ್ತಾರೆಂದು ಮೇಡಂ ಎಣಿಸಿದ್ದರು. ಮೊದಲ ದಿನ ಒಬ್ಬ ಗೃಹಸ್ಥ ಆಸನದಲ್ಲಿ ಕೂತು ಹಿಡಿಕೋಲನ್ನು ಎಳೆದಾಡಿ ಸುಸ್ತಾಗಿ, "ಏನ್ರೀ ಇದು, ಹಾರ್ತಾನೇ ಇಲ್ಲ?" ಎಂದು ಕೇಳಿದ್ದು ನಿಜ.

ಟಿಕೆಟು ಹರಿಯುವವನು ಕಿಟಕಿಯತ್ತ ಬೆರಳು ತೋರಿಸಿದ. "ಹೊರಗೆ ನೋಡಿ ಸಾರ್. ಅದು ಹಾರ್ತಿದೆಯಾ?"

"ಇಲ್ಲ."

"ಮತ್ತೆ?"

ಗೃಹಸ್ಥ ಸ್ವಲ್ಪ ಯೋಚಿಸಿ, "ಹೌದಲ್ಲ," ಎಂದು ಮತ್ತೆ ಒರಗಿ ಕೂತ. ಹೊರಬರುವಾಗ ಹೆಂಡತಿಗೆ, "ಥೇಟ್ ಅದೇ ಕಣೆ. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ," ಎನ್ನುತ್ತಿದ್ದ. ಸಾಲು ಬೆಳೆಯಿತು. ಕಿಟಕಿಯಲ್ಲಿ ಪುಕ್ಕಟೆ ಕಾಣುವುದನ್ನೇ ಟಿಕೆಟು ಕೊಂಡು ಪರದೆಯಲ್ಲಿ ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದರು. ಹಿಂದೆ ಹಾರುತ್ತಿದ್ದಾಗ ತಲೆ ಸುತ್ತುತ್ತಿತ್ತು, ಈಗ ಆರೋಗ್ಯಕ್ಕೂ ಒಳ್ಳೆಯದು ಎಂದು ಹಿರಿಯರು ಹರಸಿದರು. ಭಕ್ತಿ ಇದ್ದಲ್ಲಿ ಕಲ್ಲೂ ದೇವರಾಗುವಾಗ, ವಿಮಾನ ನಿಂತಿದ್ದರೇನು.

ಇಷ್ಟಕ್ಕೇ ನಿಂತಿದ್ದರೆ ಮೇಡಂ ಸಹಿಸುತ್ತಿದ್ದರೇನೋ. ಆದರೆ ಅಧ್ಯಕ್ಷರು ಶ್ರದ್ಧಾವಂತರು. ಬಂದ ಪ್ರತಿಯೊಂದು ಅರ್ಜಿಯನ್ನೂ ಇತ್ಯರ್ಥ ಮಾಡುವವರು. ಎಡ ರೆಕ್ಕೆಯ ವಿಚಾರ ಬಾಕಿ ಉಳಿದಿತ್ತಲ್ಲ. ಅವರು ತಾವೇ ಏಣಿ ಹತ್ತಿ, ಕಟ್ಟೆಯ ಮೇಲಿನ ವಿಮಾನದ ಎಡ ರೆಕ್ಕೆಯ ಮೇಲೆ ರಸಮಟ್ಟ ಇಟ್ಟರು. ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತಿತು.

"ನೋಡಿ ಮೇಡಂ," ಎಂದು ಮೇಲಿನಿಂದಲೇ ಕೂಗಿದರು. "ಇಷ್ಟು ವರ್ಷದಿಂದ ಇಲ್ಲೇ ಇದೆ. ಎಳ್ಳಷ್ಟೂ ಎಡಕ್ಕೆ ವಾಲಿಲ್ಲ. ತಾನಾಗಿ ವಾಲೋ ಬುದ್ಧಿ ಇದಕ್ಕಿಲ್ಲ. ಅಂದ ಮೇಲೆ ಆ ದಿನ ವಾಲಿಸಿದ್ದು ಯಾರು?"

ಮೇಡಂ ಏಣಿ ಜಾರದಂತೆ ಹಿಡಿದುಕೊಂಡರು. ಸುತ್ತಲಿದ್ದವರಿಗೆ ಅದು ಒಪ್ಪಿಗೆಯಂತೆ ಕಂಡಿತು. ಮರುವಾರ ಮೊಗಸಾಲೆಯ ತಗಡಿನ ಕೆಳಗೆ ಇನ್ನೊಂದು ಸಾಲು ಬಂತು: "ಮೇಲ್ಕಂಡ ಅಜಾಗರೂಕತೆಯು ಮಾಪನದಿಂದ ದೃಢಪಟ್ಟಿದೆ." ಹೊಸ ಅಕ್ಷರಗಳು ಹಳೆಯವಕ್ಕಿಂತ ಹೊಳೆಯುತ್ತಿದ್ದವು.

ಮನೆಯಲ್ಲಿ ಮಗಳು ಇದನ್ನು ಮುಚ್ಚಿಡಲು ನೋಡಿದರು. ತಾಯಿಗೆ ಮಗಳ ಮೌನದ ತೂಕ ತಿಳಿಯಲು ಯಾವ ತಕ್ಕಡಿಯೂ ಬೇಕಿರಲಿಲ್ಲ.

"ಏನಂತೆ? ಅವರದ್ದೇ ತಪ್ಪು ಅಂತ ಮತ್ತೆ ಬರೆದ್ರಾ?"

"ಹೂಂ."

ತಾಯಿ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದರು, ಮಡಿಸುತ್ತಲೇ ಹೋದರು. "ಬದುಕಿದ್ದಾಗ ಒಂದು ಲೋಟ ಕೆಳಗೆ ಹಾಕಿ ಒಡೆದವರಲ್ಲ ಕಣೆ ನಿಮ್ಮಪ್ಪ. ವಿಮಾನ ಬೀಳಿಸ್ತಾರಂತೆ."

ಆ ಸುಮಾರಿಗೆ ಮಾಮನ ಕಣ್ಣು ಮಂಜಾಗುತ್ತ ಬಂತು. ಡಾಕ್ಟರು ನೋಡಿ, ಇದು ಪೊರೆಯಲ್ಲ, ಒಳಗಿನ ನರ, ಕತ್ತರಿಸಿ ತೆಗೆಯುವಂಥದ್ದಲ್ಲ, ಇರುವ ಬೆಳಕನ್ನು ಬೇಕಾದದ್ದಕ್ಕೆ ಬಳಸಿಕೊಳ್ಳಿ ಎಂದರು. ಮಾಮ ಕೇಂದ್ರಕ್ಕೆ ಬಂದು ಮೇಡಂ ಅವರ ಮೇಜಿನ ಮುಂದೆ ಕೂತರು.

"ಪುಟ್ಟಿ, ನಿನ್ನ ಹತ್ರ ಒಂದು ನಿಜವಾದದ್ದು ಇದೆ ಅಂದಿದ್ಯಲ್ಲ."

"ಇದೆ ಮಾಮ. ಆದ್ರೆ ಯಾರೂ ಹಾರಿಸಿ ನೋಡಿಲ್ಲ. ನನ್ನ ಲೆಕ್ಕ ಸರಿಯೋ ತಪ್ಪೋ ಹೇಳೋಕೆ ನೀವೇ ಆಗಬೇಕು."

"ಅದಕ್ಕೇ ಬಂದೆ. ಕಣ್ಣು ಹೋದ ಮೇಲೆ ಬಂದ್ರೆ ಏನು ಹೇಳ್ಲಿ, ಚೆನ್ನಾಗಿದೆ ಅಂತೀನಿ ಅಷ್ಟೇ. ಸಮಿತಿಯವರ ಹಾಗೆ."

ಮಧ್ಯಾಹ್ನದ ಊಟದ ಹೊತ್ತಿಗೆ ಸಭಾಂಗಣ ಮುಚ್ಚುತ್ತಿತ್ತು. ಅದೇ ಹೊತ್ತು ನೋಡಿ ಮೇಡಂ ಮಾಮನನ್ನು ಆಸನದಲ್ಲಿ ಕೂರಿಸಿ, ಪಟ್ಟಿ ಬಿಗಿದು, ಮೂಲೆಯಲ್ಲಿಟ್ಟಿದ್ದ ಲೆಕ್ಕಗಳನ್ನು ಯಂತ್ರಕ್ಕೆ ತುಂಬಿದರು. ಮೊಗಸಾಲೆಯ ಪರದೆಯನ್ನು ಆರಿಸುವುದು ಮರೆತುಹೋಯಿತು. ಅಂದು ಮಧ್ಯಾಹ್ನವೇ ಮಂತ್ರಿಗಳು ಕೇಂದ್ರಕ್ಕೆ "ಸಂಪೂರ್ಣ ನೈಜತೆ" ಪದಕ ಕೊಡಲು ಬರುವವರಿದ್ದದ್ದು ಅವರಿಗೆ ಗೊತ್ತಿತ್ತು. ಮಂತ್ರಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬರಬಹುದೆಂಬುದನ್ನು ಯಾರೂ ಊಹಿಸಿರಲಿಲ್ಲ. ಹಿಂದೆಂದೂ ನಡೆದದ್ದಿಲ್ಲ.

ಎಂಜಿನ್ ಗುಡುಗಿತು. ಆಸನ ನಡುಗಿತು. ಮಾಮ ಕೆನ್ನೆ ಕುಣಿಸುತ್ತ ನಕ್ಕರು. "ಹಾಂ. ಹಲ್ಲೆಲ್ಲ ಸಡಿಲ ಆಗಬೇಕು, ಅದೇ ಸರಿ." ವಿಮಾನ ನೆಲ ಬಿಟ್ಟಿತು. ಮಾಮ ಅದನ್ನು ಏರಿಸಿದರು, ಮಗುಚಿದರು, ಮೋಡದ ಅಂಚಿಗೆ ರೆಕ್ಕೆ ಸವರಿದರು.

ಹೊರಗೆ ಮೊಗಸಾಲೆಯಲ್ಲಿ ಮಂತ್ರಿಗಳು ಹಾರ ಹಾಕಿಸಿಕೊಂಡು ಪರದೆಯ ಮುಂದೆ ನಿಂತಿದ್ದರು. "ಅದ್ಭುತ," ಎಂದರು. "ಎಷ್ಟು ಚೆನ್ನಾಗಿ ಹಾರ್ತಿದೆ." ನಿರ್ದೇಶಕರ ಕುತ್ತಿಗೆ ಅಭ್ಯಾಸಬಲದಿಂದ ಆಡಿತು. ಅಧ್ಯಕ್ಷರ ಕೈ ಟೇಪಿಗೆ ಹೋಗಿ ಅಲ್ಲೇ ನಿಂತಿತು. ಪರದೆಯಲ್ಲಿ ವಿಮಾನ ನಿಲ್ದಾಣದತ್ತ ಮರಳುತ್ತಿತ್ತು. ಓಡುದಾರಿಯ ಪಕ್ಕದಲ್ಲಿ ಒಂದು ಕಾರು ಕಾಣಿಸಿತು.

"ಆ ಕಾರು ಯಾರದು?" ಎಂದು ಮಂತ್ರಿಗಳು ಕೇಳಿದರು.

ನಿರ್ದೇಶಕರು ಮಂತ್ರಿಗಳ ಹಾರವನ್ನು ಸರಿಮಾಡಿದರು.

"ಒಳ್ಳೇ ಹೊಳಪಿದೆ," ಎಂದು ಮೆಚ್ಚಿ, ಪದಕವನ್ನು ನಿರ್ದೇಶಕರ ಕೊರಳಿಗೆ ಹಾಕಿ, ಇನ್ನೊಂದು ಉದ್ಘಾಟನೆಗೆ ಹೊತ್ತಾಯಿತೆಂದು ಮಂತ್ರಿಗಳು ಹೊರಟರು. ಎಲ್ಲರೂ ಅವರನ್ನು ಗೇಟಿನವರೆಗೆ ಬಿಡಲು ಓಡಿದರು. ವಿಮಾನ ಇನ್ನೂ ಗಾಳಿಯಲ್ಲಿತ್ತು.

ಒಳಗೆ ಮಾಮ ವೇಗ ತಗ್ಗಿಸಿ ಎಡಕ್ಕೆ ತಿರುಗುತ್ತಿದ್ದರು. ಮೇಡಂ ಪಕ್ಕದಲ್ಲಿ ನಿಂತು ಆ ಮಾತನ್ನು ಹೇಳಿದರು. "ಇಳಿಯಬೇಡಿ ಮಾಮ. ಕಾರು ಬರ್ತಿದೆ. ಮೇಲಕ್ಕೆ ಹೋಗಿ."

ಮಾಮನ ಎಡಗೈ ಮುಂದೆ ಹೋಯಿತು. ಎಂಜಿನ್ ಕೂಗಿತು. ಆಸನ ಒಮ್ಮೆಗೇ ಎಡಕ್ಕೆ ಕುಸಿಯಿತು. ಹುಲ್ಲು ಪರದೆಯ ತುಂಬ ಬಂತು. ಆಮೇಲೆ ಪರದೆ ಕಪ್ಪಾಯಿತು.

ಮಾಮ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಗೊತ್ತಿತ್ತು. ಏನಾಗುತ್ತೆ ಅಂತ ಗೊತ್ತಿದ್ದೂ ತಡೆಯೋಕಾಗಲಿಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆ ಕೈ ತಾನಾಗೇ ಹೋಗುತ್ತೆ." ಮತ್ತೆ ಹೇಳಿದರು, "ನಿಮ್ಮಪ್ಪನ ಜಾಗದಲ್ಲಿ ನಾನಿದ್ದಿದ್ರೆ ಆ ತಗಡಿನ ಮೇಲೆ ನನ್ನ ಮುಖ ಇರ್ತಿತ್ತು, ಅಷ್ಟೇ ವ್ಯತ್ಯಾಸ. ನಿನ್ನ ಲೆಕ್ಕ ಸರಿ ಇದೆ ಪುಟ್ಟಿ."

ಮೇಡಂ ಮಾಮನ ಪಟ್ಟಿ ಬಿಚ್ಚಿದರು. ಬಿಚ್ಚಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಸಂಜೆ ತುರ್ತು ಸಭೆ ಸೇರಿತು. ಸಂಪೂರ್ಣ ನೈಜತೆಯ ಪದಕ ಬಂದ ದಿನವೇ ನೈಜತೆ ಮಣ್ಣುಪಾಲಾಗಿತ್ತು: ಒಳಗಿನದು ಹಾರಿತ್ತು, ಹೊರಗಿನದು ಹಾರಿರಲಿಲ್ಲ. ಮೇಡಂ ಕೆಲಸ ಹೋಯಿತೆಂದೇ ಬಂದು ಕೂತಿದ್ದರು. ಅಧ್ಯಕ್ಷರು ಬಹಳ ಹೊತ್ತು ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿ, ಕೊನೆಗೆ ಮಾತಾಡಿದರು.

"ಸಿಮ್ಯುಲೇಟರು ಹಾರಿದ್ದನ್ನ ಮಂತ್ರಿಗಳೇ ನೋಡಿ ಮೆಚ್ಚಿದ್ದಾರೆ. ಅದು ಹಾರಬಾರದಿತ್ತು ಅಂದ್ರೆ ಅವರ ಮೆಚ್ಚುಗೆ ತಪ್ಪು ಅಂದ ಹಾಗಾಗುತ್ತೆ. ಅದು ಸಾಧ್ಯವಿಲ್ಲ. ಎರಡೂ ಒಂದೇ ಥರ ಇರಬೇಕು ಅನ್ನೋದು ನಿಯಮ. ಆದ್ದರಿಂದ ತಪ್ಪಿರೋದು ಅಂಗಳದ ವಿಮಾನದಲ್ಲಿ. ಅದು ಈಗ ಹಾರ್ತಿರಬೇಕು."

"ಹಾರ್ತಿರಬೇಕು," ಎಂದು ನಿರ್ದೇಶಕರ ಕುತ್ತಿಗೆ ಒಪ್ಪಿತು. "ಆದ್ರೆ ಅದು ಕಟ್ಟೆ ಮೇಲಿದೆಯಲ್ಲ ಸಾರ್."

"ಕ್ರೇನ್ ಸಿಗುತ್ತಲ್ಲ."

ಮೇಡಂ ಎದ್ದು ನಿಂತರು. "ಸಾರ್, ಅದು ಹಾರಿದ್ದಷ್ಟೇ ಅಲ್ಲ, ಬಿತ್ತು. ಎಡ ರೆಕ್ಕೆ ಕುಸಿದು ಬಿತ್ತು. ನಾನು ನೋಡಿದೀನಿ, ಮಾಮ ನೋಡಿದ್ದಾರೆ. ಅದನ್ನೂ ಬರೆದುಕೊಳ್ಳಿ."

"ಬಿದ್ದಾಗ ಗಣ್ಯರು ಹಾಜರಿದ್ರಾ?"

"ಇಲ್ಲ. ಹೊರಟುಹೋಗಿದ್ರು."

"ಗಣ್ಯರ ನಿರ್ಗಮನದ ನಂತರ ನಡೆದದ್ದನ್ನ ದಾಖಲಿಸೋ ಪದ್ಧತಿ ಇಲ್ಲ ಮೇಡಂ. ಕಾರ್ಯಕ್ರಮ ಅಲ್ಲಿಗೆ ಮುಗಿಯುತ್ತೆ. ಅವರು ಹೊರಟಾಗ ವಿಮಾನ ಎಲ್ಲಿತ್ತು?"

"ಗಾಳಿಯಲ್ಲಿ."

"ಹಾಗಾದ್ರೆ ಗಾಳಿಯಲ್ಲೇ ಇದೆ."

ಮೇಡಂ ಬಾಯಿ ತೆರೆದರು. ಇಷ್ಟು ವರ್ಷ ಸತ್ಯವನ್ನು ಹಿಡಿದುಕೊಂಡು ಒಂದೇ ಬಾಗಿಲು ತಟ್ಟಿದ್ದರು; ಒಳಗಿದ್ದವರು ಸತ್ಯಕ್ಕೆ ಬಾಗಿಲು ತೆಗೆಯುವವರಲ್ಲ ಎಂಬುದು ಆ ಗಳಿಗೆಯಲ್ಲಿ ಹೊಳೆಯಿತು. ಅವರು ಕೂತು, ನೀರು ಕುಡಿದು, ಬಹಳ ವಿನಯದಿಂದ ಕೇಳಿದರು.

"ವಿಮಾನ ಬಿದ್ದೇ ಇಲ್ಲ ಅಂತ ಆಯ್ತಲ್ಲ ಸಾರ್. ಹಾಗಾದ್ರೆ ಬಿದ್ದಿದ್ದಕ್ಕೆ ಯಾರದೋ ಅಜಾಗರೂಕತೆ ಕಾರಣ ಅಂತ ಮೊಗಸಾಲೇಲಿ ತಗಡು ಇರಬಹುದಾ? ಅಳತೆಗೆ ತಾಳೆಯಾಗುತ್ತಾ?"

ಅಧ್ಯಕ್ಷರು ಟೇಪನ್ನು ಜೇಬಿಗೆ ಹಾಕಿದರು. ಪ್ರಾಮಾಣಿಕರೆಂದು ಮೊದಲೇ ಹೇಳಿಯಾಗಿತ್ತಲ್ಲ. "ತಾಳೆಯಾಗಲ್ಲ," ಎಂದರು. "ತಪ್ಪು ತೂಕ ಅದು. ಆ ಬರಹ ತೆಗೆಸಿ."

ಕಟ್ಟೆಯ ಮೇಲಿನ ವಿಮಾನವನ್ನು ಕ್ರೇನಿನಿಂದ ಇಳಿಸಿ ಹಿಂದಿನ ಶೆಡ್ಡಿಗೆ ಸಾಗಿಸಿ ಟಾರ್ಪಾಲು ಹೊದಿಸಲಾಯಿತು. ಪಾರಿವಾಳಗಳು ಮಾತ್ರ ನಿಜಕ್ಕೂ ಹಾರಿಹೋದವು. ಖಾಲಿ ಕಟ್ಟೆಯ ಮುಂದೆ ನಿರ್ದೇಶಕರು ಧ್ವನಿವರ್ಧಕದಲ್ಲಿ ಪ್ರಕಟಣೆ ಓದಿದರು: "ಸಾರ್ವಜನಿಕರ ಗಮನಕ್ಕೆ. ಮೂಲ ವಿಮಾನವು ಸದ್ಯ ಹಾರಾಟದಲ್ಲಿದೆ. ಇನ್ನೂ ಇಳಿದಿಲ್ಲ. ವೀಕ್ಷಕರು ಆಕಾಶದ ಕಡೆ ನೋಡತಕ್ಕದ್ದು. ಟಿಕೆಟು ಕಡ್ಡಾಯ." ಜನ ಟಿಕೆಟು ಕೊಂಡು ತಲೆಯೆತ್ತಿದರು. ಒಬ್ಬರು "ಅಗೋ, ಅಲ್ಲಿ" ಎಂದರು. ಇನ್ನೊಬ್ಬರು "ಅಲ್ಲಲ್ಲ, ಇನ್ನೂ ಸ್ವಲ್ಪ ಆಚೆ" ಎಂದು ತಿದ್ದಿದರು. ಕಾಣಲಿಲ್ಲ ಎಂದವರು ಒಬ್ಬರೂ ಇರಲಿಲ್ಲ, ಟಿಕೆಟು ಕೊಂಡಿದ್ದರಲ್ಲ.

ತಗಡು ಬದಲಾದ ದಿನ ತಾಯಿ ಮಾತಿಗೆ ತಪ್ಪಲಿಲ್ಲ. ನಡೆದೇ ಬಂದರು. ಮಗಳ ಕೈ ಹಿಡಿದು ಮೊಗಸಾಲೆಗೆ ಹೋಗಿ, ಕನ್ನಡಕ ಒರೆಸಿಕೊಂಡು, ಮೀಸೆ ಸರಿಯಾಗಿ ಮೂಡದ ಆ ಮುಖವನ್ನು ನೋಡಿದರು. ಕೆಳಗೆ ಒಂದೇ ಪದವಿತ್ತು: "ಹಾರಾಟದಲ್ಲಿದ್ದಾರೆ."

ತಾಯಿ ಅದನ್ನು ಓದಿದರು. ಮತ್ತೆ ಓದಿದರು. "ಇಷ್ಟು ವರ್ಷ ಪೆಟ್ರೋಲ್ ಎಲ್ಲಿಂದ ಬಂತಂತೆ?" ಎಂದರು.

"ಅದನ್ನ ಯಾರೂ ಅಳೆದಿಲ್ಲಮ್ಮ."

"ಊಟಕ್ಕೆ ತಡ ಆಗುತ್ತೆ ಅಂತ ಒಂದು ಮಾತು ಹೇಳಿ ಹೋಗಬಾರದಿತ್ತಾ," ಎಂದು ತಾಯಿ ತಗಡಿಗೇ ಹೇಳಿ, ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು. "ಹೋಗ್ಲಿ. ತಪ್ಪು ಅವರದ್ದಲ್ಲ ಅಂತಾಯ್ತಲ್ಲ."

ಅಂಗಳದಲ್ಲಿ ಮಾಮ ಖಾಲಿ ಕಟ್ಟೆಯ ಮೇಲೆ ಕೂತು, ಎಲ್ಲರ ಹಾಗೆ ಮುಖವನ್ನು ಮೇಲಕ್ಕೆತ್ತಿದ್ದರು. ತಾಯಿ ಹೋಗಿ ಪಕ್ಕದಲ್ಲಿ ಕೂತರು.

"ಕಾಣ್ತಿದೆಯಾ ಅಣ್ಣ?"

"ನನಗೆ ಈಗ ಯಾವುದೂ ಕಾಣಲ್ಲ ಕಣಮ್ಮ," ಎಂದರು ಮಾಮ. "ಆದ್ರೆ ಇವರೆಲ್ಲ ಕಾಣ್ತಿದೆ ಅಂತಿದ್ದಾರಲ್ಲ. ಎಡಕ್ಕೆ ತಿರುಗ್ತಿದೆಯಾ ಕೇಳು."

ತಾಯಿ ಪಕ್ಕದಲ್ಲಿ ನಿಂತವರನ್ನು ಕೇಳಿದರು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಶ್ರದ್ಧೆಯಿಂದ ನೋಡಿ, "ಇಲ್ಲಮ್ಮ, ನೇರ ಹೋಗ್ತಿದೆ," ಎಂದರು.

"ಹಾಗಾದ್ರೆ ಸರಿ," ಎಂದರು ಮಾಮ. ಮೇಡಂ ಕೂಡ ಬಂದು ಪಕ್ಕದಲ್ಲಿ ಸೇರಿ, ಮೂವರೂ ಆಕಾಶ ನೋಡುತ್ತ ಕೂತರು. ಅಧ್ಯಕ್ಷರು ಬಂದು, ಖಾಲಿ ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿ, ತೃಪ್ತಿಯಿಂದ ತಲೆಯಾಡಿಸಿ ಹೋದರು.

ಬಿದ್ದವರನ್ನು ಬಿದ್ದಲ್ಲಿಯೇ ಎತ್ತಿಕೊಳ್ಳುವ, ಮುದ್ರೆಯಿಲ್ಲದ ನೆನ‍ಪನ್ನೂ ತೂಗಿ ಸರಿಯೆನ್ನುವ ಆ ದಯಾಮಯನು, ಈ ಕಥೆಗೆ ಕಿವಿಗೊಟ್ಟ ನಿಮ್ಮೆಲ್ಲರ ಮನೆಯನ್ನೂ ಬೆಳಗಿಸಲಿ. ನಿಮ್ಮ ಮನೆಯಿಂದ ಹೊರಟವರೆಲ್ಲ ಊಟದ ಹೊತ್ತಿಗೆ ಮರಳಲಿ. ಅವರು ಇಳಿಯುವಾಗ ದಾರಿಗೆ ಯಾರ ಕಾರೂ ಅಡ್ಡ ಬಾರದಿರಲಿ.